ಪ್ರೊಫೆಸರ್ ಸೂದನರ ಲೆಕ್ಕ, ನಮ್ಮ ಗಣಿತದ ತಾಸು

ಎಂಜಿನಿಯರ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕನ್ನಡಿಗನ ಕಣ್ಣ ಮುಂದೆ ಮೊದಲು ಬಂದು ನಿಲ್ಲುವವರು ಸರ್ ಎಂ. ವಿಶ್ವೇಶ್ವರಯ್ಯನವರು, ಅವರ ಬೆನ್ನ ಹಿಂದೆ ಕನ್ನಂಬಾಡಿಯ ಕಟ್ಟೆ. ಇದು ಸಹಜ, ಹೆಮ್ಮೆಯ ಮಾತೂ ಅಹುದು. ಆದರೆ ಈ ಚಿತ್ರವೊಂದೇ ನಮ್ಮ ಮನಸ್ಸನ್ನು ತುಂಬಿಕೊಂಡಿರುವುದರಿಂದ, ಎಂಜಿನಿಯರನೆಂದರೆ ಕಣ್ಣಿಗೆ ಕಾಣುವ ವಸ್ತುವನ್ನು ಕಟ್ಟುವವನು, ಏನನ್ನೂ ಕಟ್ಟದೆ ಕುಳಿತು ಲೆಕ್ಕ ಮಾಡುವವನು ಎಂಜಿನಿಯರನೇ ಅಲ್ಲ ಎಂಬ ಭಾವನೆ ಬೇರೂರಿದೆ. ಉಧ್ನಾದ ನಮ್ಮ ಓಣಿಗಳಲ್ಲಂತೂ ಈ ಭಾವನೆ ಇನ್ನಷ್ಟು ಸಂಕುಚಿತವಾಗಿದೆ. ಇಲ್ಲಿ ಎಂಜಿನಿಯರನೆಂದರೆ ಮಗ್ಗದ ಕಾರಖಾನೆಯಲ್ಲೋ ಬಣ್ಣದ ಮಿಲ್ಲಿನಲ್ಲೋ ಒಳ್ಳೆಯ ಸಂಬಳದ ಮೇಲಿರುವ ಮನುಷ್ಯ. ಗಣಿತವೆಂದರೆ ಕೂಲಿಯ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಬೇಕಾದಷ್ಟು ವಿದ್ಯೆ. ಅದಕ್ಕಿಂತ ಹೆಚ್ಚಿನದು ಏತಕ್ಕೆ, ಎಂದು ಹಿರಿಯರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನು ನಮ್ಮ ಸಂಚಿಕೆಯಲ್ಲಿ ಎತ್ತುವುದಕ್ಕೆ ಕಾರಣವೂ ಉಂಟು. ಗುಜರಾತಿನ ಪರೀಕ್ಷಾ ಮಂಡಳಿಯು 2021-22ನೆಯ ವರ್ಷದಿಂದ ಹತ್ತನೆಯ ಇಯತ್ತೆಯ ಗಣಿತವನ್ನು ‘ಬೇಸಿಕ್’ ಮತ್ತು ‘ಸ್ಟ್ಯಾಂಡರ್ಡ್’ ಎಂದು ಎರಡಾಗಿ ಒಡೆದಿದೆ. ಬೇಸಿಕ್ಕಿನ ಪರೀಕ್ಷೆ ಸುಲಭ; ಆದರೆ ಅದನ್ನು ಆರಿಸಿಕೊಂಡವನಿಗೆ ಮುಂದೆ ಗಣಿತದೊಡನೆ ವಿಜ್ಞಾನವನ್ನು ಓದುವ ದಾರಿ ಕಠಿಣವಾಗುತ್ತದೆ. ಹದಿನಾಲ್ಕು ಹದಿನೈದು ವರ್ಷದ ಹುಡುಗನೋ ಹುಡುಗಿಯೋ ಒಂದು ಅರ್ಜಿಯ ಮೇಲೆ ಹಾಕುವ ಗುರುತು ಮುಂದಿನ ಅನೇಕ ಬಾಗಿಲುಗಳನ್ನು ತೆರೆಯುತ್ತದೆ, ಇಲ್ಲವೆ ಮುಚ್ಚುತ್ತದೆ. ಗಣಿತ ನಿಜವಾಗಿಯೂ ಒಗ್ಗದವರ ಮಾತು ಬೇರೆ; ಅವರಿಗೆ ಈ ಅನುಕೂಲ ಬೇಕಾದದ್ದೇ. ಆದರೆ ಒಗ್ಗುವವರೂ ‘ಏತಕ್ಕೆ ಬೇಕು’ ಎಂಬ ಒಂದೇ ಮಾತಿಗೆ ಸೋತು ಸುಲಭದ ಕಡೆ ವಾಲುವುದು ನನಗೆ ಸರಿದೋರುವುದಿಲ್ಲ. ಏತಕ್ಕೆ ಬೇಕೆಂಬುದನ್ನು ಒಬ್ಬ ಎಂಜಿನಿಯರಿಂಗ್ ಪ್ರಾಧ್ಯಾಪಕರ ಜೀವನದ ಮೂಲಕ ತೋರಿಸಬಹುದೆಂದು ತಿಳಿದಿದ್ದೇನೆ. ಅವರ ಹೆಸರು ರವೀಂದ್ರನಾಥ ಸೂದನ್.

ಸೂದನರ ಕಥೆ ಜಮ್ಮು-ಕಾಶ್ಮೀರದ ಚೆನಾನಿ ಎಂಬ ಊರಿನಲ್ಲಿ 1931ರಲ್ಲಿ ಪ್ರಾರಂಭವಾದರೂ, ನಾವು ಅದನ್ನು ನಮ್ಮ ನೆರೆಯ ನವಸಾರಿಯಿಂದಲೇ ಹೇಳಬಹುದು. ಉಧ್ನಾದಲ್ಲಿ ರೈಲು ಹತ್ತಿ ಮುಂಬಯಿಯ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ಸಿಗುವ ಆ ಊರಿನಲ್ಲಿ 1839ರಲ್ಲಿ ಜಮಶೇಟ್‌ಜಿ ಟಾಟಾ ಹುಟ್ಟಿದರು. ಭಾರತದ ಯುವಕರಿಗಾಗಿ ಉನ್ನತ ವಿಜ್ಞಾನದ ಒಂದು ವಿದ್ಯಾಪೀಠ ಆಗಬೇಕೆಂದು ಅವರು ತಮ್ಮ ಆಸ್ತಿಯ ದೊಡ್ಡ ಪಾಲನ್ನು ತೆಗೆದಿಟ್ಟರು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತು. ಟಾಟಾ ಅವರು 1904ರಲ್ಲಿಯೇ ತೀರಿಕೊಂಡಿದ್ದರಿಂದ ಆ ಸಂಸ್ಥೆಯನ್ನು ಅವರು ಕಾಣಲಿಲ್ಲ. 1911ರಲ್ಲಿ ಅದರೊಳಗೆ ಮೊದಲ ವಿದ್ಯಾರ್ಥಿಗಳು ಕಾಲಿಟ್ಟರು. ಆಗ ತೆರೆದ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದು. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಈ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂದನರು 1950ರ ದಶಕದ ಆರಂಭದಲ್ಲಿ ಎಂಜಿನಿಯರಿಂಗ್ ಓದಿದರು. ಹೀಗೆ ನವಸಾರಿಯ ಹಣ, ಕನ್ನಡ ನಾಡಿನ ನೆಲ, ಕಾಶ್ಮೀರದ ಕಡೆಯ ಹುಡುಗ, ಈ ಮೂರೂ ಒಂದೆಡೆ ಕೂಡಿದವು.

ಅಲ್ಲಿಂದ ಲಂಡನ್ನಿಗೆ ಹೋಗಿ 1955ರಲ್ಲಿ ಅವರು ಡಾಕ್ಟರೇಟ್ ಪಡೆದರು. ಬಳಿಕ ಇಂಗ್ಲೆಂಡಿನ ರಗ್ಬಿಯಲ್ಲಿ ವಿದ್ಯುದ್ಯಂತ್ರಗಳನ್ನು ಮಾಡುವ ಕಂಪನಿಯೊಂದರಲ್ಲಿ, ಆಮೇಲೆ ಕಲಕತ್ತೆಯಲ್ಲಿ ರಾಸಾಯನಿಕ ಕಂಪನಿಯೊಂದರಲ್ಲಿ ಎಂಜಿನಿಯರರಾಗಿ ದುಡಿದರು. ನಮ್ಮ ಓಣಿಯ ಅಭಿಪ್ರಾಯದ ಪ್ರಕಾರ ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಾಗಿತ್ತು: ನೌಕರಿ ಸಿಕ್ಕಿತು, ಸಂಬಳ ಬಂದಿತು, ಇನ್ನೇನು ಬೇಕು? ಅವರಿಗೆ ಇನ್ನೂ ಏನೋ ಬೇಕಾಗಿತ್ತು. 1950ರ ದಶಕದ ಕೊನೆಗೆ ಅವರು ಅಮೇರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ ಜೀವಮಾನವನ್ನೆಲ್ಲ ಕಳೆದರು. ಅವರು ಕೈಗೆತ್ತಿಕೊಂಡ ವಿಷಯ ಪ್ಲಾಸ್ಮಾ.

ಪ್ಲಾಸ್ಮಾ ಎಂಬುದು ಹೆಸರಿನಷ್ಟು ಅಪರಿಚಿತವಾದ ಪದಾರ್ಥವೇನಲ್ಲ. ಘನ, ದ್ರವ, ಅನಿಲ ಎಂದು ನೀವು ಮೂರು ಸ್ಥಿತಿಗಳನ್ನು ಕಲಿತಿದ್ದೀರಿ. ಅನಿಲಕ್ಕೆ ಇನ್ನಷ್ಟು ಶಕ್ತಿ ಕೊಟ್ಟರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬೇರೆಯಾಗುತ್ತವೆ. ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳೂ ಧನ ವಿದ್ಯುತ್ತಿನ ಅಯಾನುಗಳೂ ಒಂದೇ ಜಾಗದಲ್ಲಿ ಬಿಡಿಬಿಡಿಯಾಗಿ ಅಲೆಯತೊಡಗುತ್ತವೆ. ಈ ನಾಲ್ಕನೆಯ ಸ್ಥಿತಿಗೆ ಅಮೇರಿಕೆಯ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಶಾಸ್ತ್ರಜ್ಞರು 1928ರಲ್ಲಿ ಪ್ಲಾಸ್ಮಾ ಎಂದು ಹೆಸರಿಟ್ಟರು. ಸೂರ್ಯನು ಪ್ಲಾಸ್ಮಾ, ಮಿಂಚು ಪ್ಲಾಸ್ಮಾ. ರಾತ್ರಿಯ ಪಾಳಿಯಲ್ಲಿ ನಿಮ್ಮ ತಂದೆಯವರ ಮಗ್ಗದ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟಿನ ಒಳಗೂ ಪ್ಲಾಸ್ಮಾ. ಸೂರತ್ತಿನಲ್ಲಿ ಇಂದು ಕಾರಖಾನೆಯಲ್ಲಿ ವಜ್ರವನ್ನು ಬೆಳೆಸುತ್ತಾರೆಂಬುದನ್ನು ನೀವು ಕೇಳಿದ್ದೀರಿ. ಜಲಜನಕ ಮತ್ತು ಮೀಥೇನ್ ಅನಿಲಗಳನ್ನು ಸೂಕ್ಷ್ಮತರಂಗಗಳಿಂದ ಪ್ಲಾಸ್ಮಾ ಮಾಡಿ, ಅದರೊಳಗಿನ ಇಂಗಾಲವನ್ನು ಬೀಜವಜ್ರದ ಮೇಲೆ ಪದರ ಪದರವಾಗಿ ಕೂಡಿಸುವುದೇ ಅದರ ಒಂದು ಮುಖ್ಯ ವಿಧಾನ. ಆದುದರಿಂದ ಪ್ಲಾಸ್ಮಾದ ನೆರೆಯಲ್ಲಿಯೇ ನಾವು ವಾಸವಾಗಿದ್ದೇವೆ ಎನ್ನಬೇಕು.

ಆದರೆ ಈ ಪದಾರ್ಥ ಲೆಕ್ಕಕ್ಕೆ ಬಹಳ ಮೊಂಡು. ಅದರ ಕಾರಣವನ್ನು ನಮ್ಮ ತರಗತಿಯಲ್ಲಿಯೇ ನೋಡಬಹುದು. ನಲವತ್ತು ವಿದ್ಯಾರ್ಥಿಗಳ ಒಂದು ವರ್ಗದಲ್ಲಿ ಪ್ರತಿಯೊಬ್ಬನೂ ಉಳಿದ ಪ್ರತಿಯೊಬ್ಬನ ಕೈ ಕುಲುಕಿದರೆ ಒಟ್ಟು ಎಷ್ಟು ಸಲ ಆದೀತು? ನಲವತ್ತನ್ನು ಮೂವತ್ತೊಂಬತ್ತರಿಂದ ಗುಣಿಸಿ ಎರಡರಿಂದ ಭಾಗಿಸಿರಿ: 780. ಪ್ಲಾಸ್ಮಾದ ಕಣಗಳು ವಿದ್ಯುತ್ತನ್ನು ಹೊತ್ತಿರುವುದರಿಂದ ಪ್ರತಿಯೊಂದು ಕಣವೂ ದೂರದ ಕಣವನ್ನು ಸಹ ಎಳೆಯುತ್ತದೆ ಇಲ್ಲವೆ ತಳ್ಳುತ್ತದೆ. ಕೇವಲ ಹತ್ತು ಸಾವಿರ ಕಣಗಳಿದ್ದರೂ ಜೋಡಿಗಳು 4,99,95,000. ಅಂದರೆ ಹತ್ತಿರ ಹತ್ತಿರ ಐದು ಕೋಟಿ. ಕಣಗಳು ಒಂದಿಷ್ಟು ಸರಿದೊಡನೆ ಬಲಗಳೆಲ್ಲ ಬದಲಾಗುವುದರಿಂದ ಐದು ಕೋಟಿಯ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕು, ಹೀಗೆಯೇ ಸಾವಿರಾರು ಸಲ. ಟ್ಯೂಬ್‌ಲೈಟಿನೊಳಗಿನ ಕಣಗಳಾದರೋ ಹತ್ತು ಸಾವಿರವಲ್ಲ, ಎಣಿಸಿ ಬರೆದರೆ ಈ ಪುಟದ ಸಾಲು ತುಂಬಾ ಸೊನ್ನೆಗಳು.

ಈ ಸಂಕಟವನ್ನು ಪಾರುಮಾಡಿದ ಉಪಾಯ 1950 ಮತ್ತು 1960ರ ದಶಕಗಳಲ್ಲಿ ರೂಪುಗೊಂಡಿತು. ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾಸನ್, ಸ್ಟ್ಯಾನ್‌ಫರ್ಡಿನ ವಿದ್ಯುತ್ ಎಂಜಿನಿಯರಿಂಗ್ ವಿಭಾಗದಲ್ಲಿ ಆಸ್ಕರ್ ಬುನೆಮನ್, ಬರ್ಕ್ಲಿಯ ಅದೇ ವಿಭಾಗದಲ್ಲಿ ಚಾರ್ಲ್ಸ್ ಬರ್ಡ್‌ಸಾಲ್ ಇದರ ಮುಂದಾಳುಗಳು. ಮೂವರಲ್ಲಿ ಇಬ್ಬರು ಎಂಜಿನಿಯರಿಂಗ್ ಪ್ರಾಧ್ಯಾಪಕರೆಂಬುದನ್ನು ಗಮನಿಸಬೇಕು. ಉಪಾಯ ಇಷ್ಟೇ: ಜಾಗವನ್ನು ಚದುರಂಗದ ಮಣೆಯಂತೆ ಮನೆಗಳಾಗಿ ಹೆಣೆಯುವುದು, ಪ್ರತಿ ಕಣವೂ ತನ್ನ ವಿದ್ಯುತ್ತನ್ನು ತನ್ನ ಮನೆಯ ಮೂಲೆಗಳಿಗೆ ಒಪ್ಪಿಸುವುದು, ಆ ಮೂಲೆಗಳ ಮೊತ್ತಗಳಿಂದ ವಿದ್ಯುತ್ ಕ್ಷೇತ್ರವನ್ನು ಕಂಡುಹಿಡಿಯುವುದು, ಆ ಕ್ಷೇತ್ರದ ಪ್ರಕಾರ ಕಣಗಳನ್ನು ಒಂದು ಹೆಜ್ಜೆ ಮುಂದೆ ಸರಿಸುವುದು, ಮತ್ತೆ ಮೊದಲಿನಿಂದ. ಊರಿನ ಪ್ರತಿಯೊಬ್ಬನೂ ಊರಿನ ಪ್ರತಿಯೊಬ್ಬನ ಮನೆಗೆ ಹೋಗಿ ಜಗಳಾಡುವ ಬದಲು ತನ್ನ ಓಣಿಯ ಹಿರಿಯನಿಗೆ ದೂರು ಹೇಳಿ ಬರುವಂತೆ ಇದು! ಕೋಟಿಗಳ ಲೆಕ್ಕ ಸಾವಿರಗಳಿಗೆ ಇಳಿಯಿತು. ಕಣಗಳನ್ನು ಬಿಟ್ಟು ಪ್ಲಾಸ್ಮಾವನ್ನು ಹರಿಯುವ ದ್ರವದಂತೆ ಭಾವಿಸಿ, ಅದೇ ಮನೆಗಳಲ್ಲಿ ಅದರ ಸಾಂದ್ರತೆ ಹೇಗೆ ಏರಿಳಿಯುತ್ತದೆಂದು ಲೆಕ್ಕ ಮಾಡುವ ಇನ್ನೊಂದು ಮಾರ್ಗವೂ ಇದೆ.

ಇಲ್ಲಿ ಒಂದು ಮಾತನ್ನು ನೀವು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಎಷ್ಟೇ ದೊಡ್ಡ ಗಣಕಯಂತ್ರವಾಗಲಿ, ಈ ಲೆಕ್ಕದಲ್ಲಿ ಅದು ಮಾಡುವ ಕೆಲಸ ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ಈ ನಾಲ್ಕನ್ನೂ ನೀವು ಕನ್ನಡದಲ್ಲಿಯೇ ಕಲಿತಿದ್ದೀರಿ. ಯಂತ್ರಕ್ಕೆ ತಿಳಿಯದಿರುವುದು, ಮಾಡಿದ್ದು ಸರಿಯೋ ತಪ್ಪೋ ಎಂಬುದು. ಮನೆಗಳ ಹೆಣಿಗೆ ಬಹಳ ಜಾಳಾದರೆ ಲೆಕ್ಕದೊಳಗಿನ ಪ್ಲಾಸ್ಮಾ ಯಾರೂ ಬೆಂಕಿ ಹಚ್ಚದೆ ತಾನೇ ಬಿಸಿಯಾಗತೊಡಗುತ್ತದೆ! ನಿಸರ್ಗದಲ್ಲಿ ಶಕ್ತಿ ಹೀಗೆ ಶೂನ್ಯದಿಂದ ಹುಟ್ಟುವುದಿಲ್ಲ. ಯಂತ್ರವು ಆ ಸುಳ್ಳು ಉತ್ತರವನ್ನೂ ಅಷ್ಟೇ ಗಂಭೀರವಾಗಿ ಅಚ್ಚು ಮಾಡಿ ಕೊಡುತ್ತದೆ. ಒಟ್ಟು ಶಕ್ತಿ ಮೊದಲಿನಷ್ಟೇ ಇದೆಯೇ ಎಂದು ಹೆಜ್ಜೆ ಹೆಜ್ಜೆಗೂ ತಾಳೆ ನೋಡುವವನು ಮನುಷ್ಯನು. ಭಾಗಾಕಾರ ಮಾಡಿದ ಮೇಲೆ ಗುಣಿಸಿ ತಾಳೆ ನೋಡಿರಿ ಎಂದು ಶಿಕ್ಷಕರು ಹೇಳಿದಾಗ ಬೇಸರಪಡುವವರು ನಮ್ಮಲ್ಲಿ ಅನೇಕರು. ಪ್ರಾಧ್ಯಾಪಕನ ವೃತ್ತಿಯ ಮುಕ್ಕಾಲು ಪಾಲು ಆ ಬೇಸರದ ಕೆಲಸವೇ ಆಗಿದೆ.

ಸೂದನರು ಮೊದಲು ಕೀರ್ತಿ ಪಡೆದದ್ದು ಕಾಗದದ ಮೇಲಿನ ಗಣಿತದಿಂದ. ಮಿಂಚು ಹೊಡೆದಾಗ ಹುಟ್ಟುವ ರೇಡಿಯೋ ತರಂಗಗಳು ಭೂಮಿಯ ಕಾಂತರೇಖೆಗಳನ್ನು ಹಿಡಿದು ಆಕಾಶದಲ್ಲಿ ಬಹು ದೂರ ಹೋಗಿ ಮತ್ತೊಂದು ಗೋಳಾರ್ಧದಲ್ಲಿ ಇಳಿಯುತ್ತವೆ. ಅವುಗಳನ್ನು ಶಬ್ದವಾಗಿ ಮಾರ್ಪಡಿಸಿ ಕೇಳಿದರೆ ಮೇಲಿಂದ ಕೆಳಗಿಳಿಯುವ ಸಿಳ್ಳಿನಂತಿರುತ್ತದೆ. ಪ್ಲಾಸ್ಮಾದ ಎಲೆಕ್ಟ್ರಾನುಗಳು ಕಾಂತರೇಖೆಗೆ ಅಡ್ಡವಾಗಿ ಹೆಚ್ಚು, ಉದ್ದಕ್ಕೆ ಕಡಿಮೆ ಚಲಿಸುತ್ತಿದ್ದರೆ ಇಂತಹ ಸಿಳ್ಳಿನ ತರಂಗ ತಾನಾಗಿಯೇ ಬೆಳೆಯುತ್ತದೆಂದು 1963ರಲ್ಲಿ ಅವರು ತೋರಿಸಿದರು. ಆಮೇಲೆ ಅವರ ಗಮನ ಹರಿದ ಸಮಸ್ಯೆಗಳಲ್ಲೊಂದು ನಮ್ಮ ನೆತ್ತಿಯ ಮೇಲಿನದೇ. ಭಾರತದ ದಕ್ಷಿಣ ತುದಿಯ ಮೇಲೆ ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಕಾಂತೀಯ ವಿಷುವದ್ರೇಖೆಗುಂಟ, ಹಗಲು ಹೊತ್ತಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ವಿದ್ಯುತ್ಪ್ರವಾಹ ನದಿಯಂತೆ ಹರಿಯುತ್ತದೆ. ನದಿಯಲ್ಲಿ ಸುಳಿಗಳಿರುವಂತೆ ಅದರಲ್ಲಿಯೂ ಸುಳಿಗಳಿವೆ. ನೆಲದಿಂದ ಕಳಿಸಿದ ರೇಡಿಯೋ ತರಂಗಗಳು ಅವುಗಳಿಗೆ ತಾಗಿ ಚದರುತ್ತವೆ. ಈ ಪ್ರವಾಹವನ್ನು ತಿಳಿಯಲೆಂದೇ ವಿಕ್ರಮ ಸಾರಾಭಾಯಿಯವರು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದರು; 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ಟು ಏರಿತು. ಅಹಮದಾಬಾದಿನ ಭೌತಿಕ ಸಂಶೋಧನಾಲಯದ ಶಾಸ್ತ್ರಜ್ಞರು ಮುಂದೆ ಅಲ್ಲಿಂದ ರಾಕೆಟ್ಟುಗಳಲ್ಲಿ ಉಪಕರಣಗಳನ್ನಿಟ್ಟು ಆ ಸುಳಿಗಳನ್ನು ಅಳೆದರು. ಸೂದನರು ತಮ್ಮ ಸಹೋದ್ಯೋಗಿಗಳೊಡನೆ 1970ರ ದಶಕದಲ್ಲಿ ಅದೇ ಸುಳಿಗಳನ್ನು ಗಣಕಯಂತ್ರದೊಳಗೆ ಹುಟ್ಟಿಸಿ, ದೊಡ್ಡ ಸುಳಿ ಒಡೆದು ಚಿಕ್ಕ ಸುಳಿಗಳಾಗುವ ರೀತಿಯನ್ನು ಲೆಕ್ಕದಿಂದ ತೋರಿಸಿದರು. ರಾಕೆಟ್ಟು ಪ್ರವಾಹವನ್ನು ಒಂದು ಗೆರೆಯಾಗಿ ಸೀಳಿಕೊಂಡು ಕೆಲವು ನಿಮಿಷಗಳಲ್ಲಿ ಹೋಗಿಬಿಡುತ್ತದೆ. ಲೆಕ್ಕವಾದರೋ ಅದನ್ನು ನಿಲ್ಲಿಸಿ, ತಿರುಗಿಸಿ, ಬೇಕಾದಷ್ಟು ಸಲ ನೋಡಗೊಡುತ್ತದೆ. ಆದರೆ ರಾಕೆಟ್ಟು ತಂದ ಅಳತೆ ಇಲ್ಲದಿದ್ದರೆ ಲೆಕ್ಕ ನಿಜವೆಂದು ನಂಬುವುದಾದರೂ ಹೇಗೆ? ಒಂದಕ್ಕೊಂದು ಸಾಕ್ಷಿ.

ಅವರ ಉಳಿದ ಪದವಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಪದವಿಗಳ ಪಟ್ಟಿ ಓದುಗನಿಗೆ ನಿದ್ರೆ ತರುತ್ತದೆ. 1975ರಿಂದ ಹತ್ತು ವರ್ಷ ಕಾರ್ನೆಲ್ಲಿನ ಪ್ಲಾಸ್ಮಾ ಪ್ರಯೋಗಶಾಲೆಯ ನಿರ್ದೇಶಕರು. 1985ರಲ್ಲಿ ಅಲ್ಲಿ ಮಹಾಗಣಕ ಕೇಂದ್ರವೊಂದನ್ನು ಕಟ್ಟಿದವರಲ್ಲಿ ಒಬ್ಬರು, ಅದರ ಉಪನಿರ್ದೇಶಕರು. 1989ರಲ್ಲಿ ಪ್ಲಾಸ್ಮಾ ಭೌತವಿಜ್ಞಾನದ ಮ್ಯಾಕ್ಸ್‌ವೆಲ್ ಬಹುಮಾನ. 2009ರ ಜನವರಿಯಲ್ಲಿ ಅವರು ತೀರಿಕೊಂಡರು.

ಇಷ್ಟೆಲ್ಲ ಇದ್ದರೂ ಅವರು ಪರದೇಶಕ್ಕೆ ಹೋದವರಲ್ಲವೆ, ನಮಗೇನು ಬಂತು ಎಂದು ಆಕ್ಷೇಪಿಸುವವರಿದ್ದಾರೆ. ಊರು ಬಿಟ್ಟು ಸಾವಿರ ಕಿಲೋಮೀಟರಿನಾಚೆ ಬದುಕು ಕಟ್ಟಿಕೊಂಡ ನಾವು ಈ ಆಕ್ಷೇಪವನ್ನು ಅಷ್ಟು ಗಟ್ಟಿಯಾಗಿ ಮಾಡಲಾರೆವು. ಆದರೂ ಅದರಲ್ಲಿ ಹುರುಳಿಲ್ಲವೆನ್ನಲಾರೆ. ತಿರುಗಿ ಬಂದವರ ಮೇಲೆ ನನಗೆ ಹೆಚ್ಚಿನ ಪ್ರೀತಿ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಅಹಮದಾಬಾದಿಗೆ ಬಂದು ಸಾರಾಭಾಯಿಯವರ ಶಿಷ್ಯರಾದರು, ಅಮೇರಿಕೆಗೆ ಹೋಗಿ ಸೂರ್ಯನಿಂದ ಬೀಸುವ ಪ್ಲಾಸ್ಮಾದ ಗಾಳಿಯನ್ನು ಅಭ್ಯಾಸ ಮಾಡಿದರು, 1966ರಲ್ಲಿ ಅಹಮದಾಬಾದಿಗೇ ಪ್ರಾಧ್ಯಾಪಕರಾಗಿ ಮರಳಿದರು. 1975ರ ಆರ್ಯಭಟ ಉಪಗ್ರಹ ಅವರ ಮುಂದಾಳುತನದಲ್ಲಿ ಆಯಿತು. ಕಾಶ್ಮೀರದ ಪ್ರೆಧಿಮನ್ ಕೃಷನ್ ಕಾವ್ ಅವರದು ಇನ್ನೊಂದು ಬಗೆ. ದೆಹಲಿಯ ಐ.ಐ.ಟಿ.ಯಿಂದ 1966ರಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿಯೇ ಡಾಕ್ಟರೇಟ್ ಪಡೆದವರು. ಪ್ರಿನ್ಸ್‌ಟನ್ನಿಗೆ ಎರಡು ಸಲ ಹೋಗಿ ಎರಡು ಸಲವೂ ಅಹಮದಾಬಾದಿಗೆ ಹಿಂದಿರುಗಿದರು. 1982ರಲ್ಲಿ ಅವರ ನೇತೃತ್ವದಲ್ಲಿ ಆರಂಭವಾದ ಪ್ಲಾಸ್ಮಾ ಕಾರ್ಯಕ್ರಮವು 1986ರಲ್ಲಿ ಗಾಂಧಿನಗರದ ಹತ್ತಿರದ ಪ್ಲಾಸ್ಮಾ ಸಂಶೋಧನ ಸಂಸ್ಥೆಯಾಯಿತು. ಸೂರ್ಯನ ಶಕ್ತಿಯ ರಹಸ್ಯವನ್ನು ಕಾಂತದ ಪಂಜರದಲ್ಲಿ ಹಿಡಿಯಲೆತ್ನಿಸುವ ‘ಆದಿತ್ಯ’ ಎಂಬ ಯಂತ್ರ 1989ರಲ್ಲಿ ಅಲ್ಲಿ ಚಾಲನೆಗೊಂಡಿತು. ಆ ಸಂಸ್ಥೆಯ ಮಹಾಗಣಕಕ್ಕೆ ‘ಅಂತ್ಯ’ ಎಂದು ಹೆಸರು. ಮುಗಿಯಿತೆಂಬ ಅರ್ಥದಲ್ಲಿ ಅಲ್ಲ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಒಂದರ ಮುಂದೆ ಹದಿನೈದು ಸೊನ್ನೆಗಳುಳ್ಳ ಸಂಖ್ಯೆಗೆ ಅಂತ್ಯವೆಂದು ಹೆಸರು, ಈ ಗಣಕ ಸೆಕೆಂಡಿಗೆ ಮಾಡಬಲ್ಲ ಲೆಕ್ಕಗಳೂ ಸುಮಾರು ಅಷ್ಟೇ. ಕಾವ್ ಅವರು 2017ರಲ್ಲಿ ನಿಧನರಾದರು.

ಗಾಂಧಿನಗರವೂ ದೂರವಾಯಿತೆನ್ನುವವರು ಹಜೀರಾದ ಕಡೆಗೆ ನೋಡಬಹುದು. ಭಾರತವೂ ಸೇರಿ ಅನೇಕ ರಾಷ್ಟ್ರಗಳು ಕೂಡಿ ಫ್ರಾನ್ಸಿನಲ್ಲಿ ‘ಇಟರ್’ ಎಂಬ ಮಹಾ ಪ್ಲಾಸ್ಮಾ ಯಂತ್ರವನ್ನು ಕಟ್ಟುತ್ತಿವೆ. ಆ ಯಂತ್ರವನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಉಕ್ಕಿನ ಪಾತ್ರೆಯ ಎತ್ತರ ಸುಮಾರು 29 ಮೀಟರ್, ಅಗಲವೂ ಅಷ್ಟೇ. ತೂಕ 3,850 ಟನ್. ಅದರ ಭಾಗಗಳು ತಯಾರಾದದ್ದು ಸೂರತ್ತಿನ ಹಜೀರಾದಲ್ಲಿ, ಲಾರ್ಸನ್ ಆಂಡ್ ಟೂಬ್ರೊ ಕಾರಖಾನೆಯಲ್ಲಿ. ಕೊನೆಯ ಭಾಗ 2020ರಲ್ಲಿ ಹಡಗನ್ನೇರಿತು. ಬೆಸುಗೆ ಹಾಕಿದವರ ಕೈ, ಅಳತೆ ಹಾಕಿದವರ ಕಣ್ಣು, ಅದು ಎಷ್ಟು ಭಾರವನ್ನು ತಡೆದೀತೆಂದು ಮುಂಚೆಯೇ ಲೆಕ್ಕ ಮಾಡಿದವರ ಗಣಿತ, ಇವುಗಳಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಅಲ್ಲಿ ಯಾರೂ ಕೇಳಿರಲಾರರು.

ಇನ್ನು, ನಮ್ಮ ಮನೆಗಳ ಸ್ಥಿತಿಯನ್ನು ಮರೆತು ಮಾತನಾಡುತ್ತಿದ್ದೇನೆಂದು ಯಾರೂ ತಿಳಿಯಬಾರದು. ಹನ್ನೆರಡು ತಾಸು ಮಗ್ಗದ ಮುಂದೆ ನಿಂತು ಬಂದ ತಂದೆ, ಸೀರೆಗೆ ಕಲ್ಲು ಹಚ್ಚಿ ನಾಲ್ಕು ಕಾಸು ಕೂಡಿಸುವ ತಾಯಿ, ಹತ್ತನೆಯ ಇಯತ್ತೆ ಮುಗಿದೊಡನೆ ಮಗನ ದುಡಿಮೆಯನ್ನು ನಿರೀಕ್ಷಿಸಿದರೆ ಅದು ಅವರ ದೋಷವಲ್ಲ. ಇವರ ಮುಂದೆ ಕಾರ್ನೆಲ್ಲಿನ ಕಥೆ ಹೇಳುವುದು ಹಸಿದವನಿಗೆ ಹಬ್ಬದ ವರ್ಣನೆ ಮಾಡಿದಂತೆ ಆದೀತು ಎಂಬ ಅಳುಕು ನನಗೂ ಉಂಟು. ನಮ್ಮ ಶಾಲೆಯಿಂದ ಹೊರಟವರೆಲ್ಲರೂ ಪ್ರಾಧ್ಯಾಪಕರಾಗುವುದಿಲ್ಲ, ಒಬ್ಬನೂ ಆಗದಿರಬಹುದು. ಆದರೆ ನಾನು ಕೇಳುತ್ತಿರುವುದು ಪ್ರಾಧ್ಯಾಪಕ ಪದವಿಯನ್ನಲ್ಲ. ದುಡಿಮೆಗೆ ಹೋಗಬೇಕೋ ಓದಬೇಕೋ ಎಂಬ ಪ್ರಶ್ನೆ ಹತ್ತನೆಯ ಇಯತ್ತೆಯ ಪರೀಕ್ಷೆಯಾದ ಮೇಲೆ ಬರತಕ್ಕದ್ದು. ಬೇಸಿಕ್ಕೋ ಸ್ಟ್ಯಾಂಡರ್ಡೋ ಎಂಬುದು ಅದಕ್ಕಿಂತ ಮೊದಲೇ ಬರುತ್ತದೆ. ಅದರಲ್ಲಿ ಹಣದ ಖರ್ಚಿಲ್ಲ, ದುಡಿಮೆಯ ನಷ್ಟವಿಲ್ಲ. ಬಡತನವು ಮುಂದೆ ಬಾಗಿಲು ಮುಚ್ಚುವುದಾದರೆ ಮುಚ್ಚಲಿ. ಅದು ಮುಚ್ಚುವ ಮೊದಲೇ ನಾವಾಗಿ ಅಗಳಿ ಹಾಕಿಕೊಳ್ಳುವುದು ಏತಕ್ಕೆ? ಹುಡುಗಿಯರ ವಿಷಯದಲ್ಲಿ ಈ ಅಗಳಿ ಇನ್ನೂ ಬೇಗ ಬೀಳುತ್ತಿದೆ, ಲೆಕ್ಕದಲ್ಲಿ ಅವರು ಹುಡುಗರಿಗಿಂತ ಮುಂದಿದ್ದಾಗಲೂ.

ಮುಂದೆ ಓದಿದರೆ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಶಾಲೆಯವರಿಗೆ ಅದು ಹೇಗೆ ಸಾಧ್ಯ ಎಂಬುದು ಇನ್ನೊಂದು ಹೆದರಿಕೆ. ಶಬ್ದಗಳ ತೊಡಕು ಒಂದೆರಡು ವರ್ಷ ನಿಮ್ಮನ್ನು ಕಾಡುವುದು ನಿಜ. ಆದರೆ 780 ಹೇಗೆ ಬಂತೆಂಬುದು ಈ ಪುಟದಲ್ಲಿ ನಿಮಗೆ ತಿಳಿದಿದ್ದರೆ, ಅದನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ತಿಳಿಯಬೇಕಾಗಿಲ್ಲ. ಹೆಸರನ್ನು ಮಾತ್ರ ಕಲಿಯಬೇಕು.

ಒಂಬತ್ತನೆಯ ಇಯತ್ತೆಯವರೇ, ಇನ್ನು ಕೆಲವೇ ತಿಂಗಳುಗಳಲ್ಲಿ ಆ ಆಯ್ಕೆ ನಿಮ್ಮ ಮುಂದೆ ಬರುತ್ತದೆ. ಗುರುತು ಹಾಕುವ ಮೊದಲು ತಂದೆಯನ್ನೋ ತಾಯಿಯನ್ನೋ, ಅವರಿಗೆ ಬಿಡುವಿಲ್ಲದಿದ್ದರೆ ಅಣ್ಣನನ್ನೋ, ಒಮ್ಮೆ ಗಣಿತದ ಶಿಕ್ಷಕರ ಹತ್ತಿರ ಕರೆದುಕೊಂಡು ಬನ್ನಿರಿ. ಬರುವಾಗ ಈ ವರ್ಷದ ಲೆಕ್ಕದ ವಹಿಯನ್ನೂ ತನ್ನಿರಿ.